ಚೆಂಡು ಬಿಟ್ಟ ಡೆಲ್ಮರ್ ಕ್ರಂಪ್

ಅಲಬಾಮಾದ ಡಾಬ್ಸ್ ಫೆರಿಯಲ್ಲಿ ಜಾತಿ ಎರಡೇ. ಒಂದು ಗಿಡುಗ, ಇನ್ನೊಂದು ಹೇಸರಗತ್ತೆ. ಊರಿನ ಬಡಗಲಿಗಿರುವ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಬಾವುಟದಲ್ಲಿ ಗಿಡುಗವಿದೆ, ತೆಂಕಲಿನದರ ಬಾವುಟದಲ್ಲಿ ಹೇಸರಗತ್ತೆ. ದಕ್ಷಿಣದ ಕಾಲೇಜುಗಳೆಲ್ಲ ಸೇರಿ ಮಾಡಿಕೊಂಡಿರುವ ಒಂದೇ ಕೂಟದಲ್ಲಿ ಎರಡೂ ಆಡುತ್ತವೆ. ಇದು ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಎಸೆದು, ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್. ಊರು ನಟ್ಟನಡುವೆ ಸಿಕ್ಕಿಹಾಕಿಕೊಂಡಿದೆ. ಹೆಣ್ಣು ಕೇಳುವಾಗ, ಪಾದ್ರಿಯನ್ನು ನೇಮಿಸುವಾಗ, ಹಲ್ಲು ಕೀಳಿಸಿಕೊಳ್ಳುವಾಗ ಕೂಡ ಜನ ಮೊದಲು ವಿಚಾರಿಸುವುದು ಇದನ್ನೇ. ಹೊಸಬರು ಯಾರಾದರೂ ಬಂದರೆ ಹೆಸರು ಕೇಳುವುದಕ್ಕೂ ಮೊದಲು, "ಅದಿರ್ಲಿ, ನೀವು ಯಾವ್ದು?" ಎನ್ನುತ್ತಾರೆ.

ಡೆಲ್ಮರ್ ಕ್ರಂಪ್ ಹೆಂಡತಿಯ ಜೊತೆ ಊರಿಗೆ ಬಂದ ದಿನ ಅವನನ್ನೂ ಹೀಗೇ ಕೇಳಿದರು. "ನಾನು ಯಾವುದೂ ಅಲ್ಲ, ಉತ್ತರದ ಇಂಡಿಯಾನಾದವನು" ಎಂದ. ಕೇಳಿದವರು "ಓಹೋ" ಎಂದರು. ಆಮೇಲೆ ಅವನ ಹೆಸರು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಅವನು ಆಯುಷ್ಯವಿಡೀ ಲಿಫ್ಟ್‌ಗಳ ತಪಾಸಣೆ ಮಾಡಿ ನಿವೃತ್ತನಾದವನು. ಯಾವ ಲಿಫ್ಟು ಎಷ್ಟು ಜನರನ್ನು ಹೊರುತ್ತದೆ, ಯಾವ ಹಗ್ಗ ಯಾವಾಗ ಸವೆಯುತ್ತದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲ. ಡಾಬ್ಸ್ ಫೆರಿಯಲ್ಲಿ ಎರಡು ಮಹಡಿಗಿಂತ ಎತ್ತರದ ಕಟ್ಟಡವೇ ಇರಲಿಲ್ಲ. ಹೀಗಾಗಿ ಅವನ ವಿದ್ವತ್ತು ಊರಿಗೆ ಒದಗಲಿಲ್ಲ. ಹೆಂಡತಿ ವರ್ನೆಲ್ ಜಾಣೆ. ಗಿಡುಗದವರ ಹತ್ತಿರ ಗಿಡುಗವೆಂದಳು, ಹೇಸರಗತ್ತೆಯವರ ಹತ್ತಿರ ಹೇಸರಗತ್ತೆಯೆಂದಳು. ತಿಂಗಳು ತುಂಬುವುದರೊಳಗೆ ಅರ್ಧ ಊರು ಅವಳ ಅಡುಗೆಮನೆಯಲ್ಲಿತ್ತು. ಆ ಗದ್ದಲದಲ್ಲಿ ಕುರ್ಚಿ ಎತ್ತಿ ಇಡುತ್ತಿದ್ದ ಮನುಷ್ಯನಿಗೆ 'ವರ್ನೆಲ್ಲಳ ಗಂಡ' ಎಂದು ಹೆಸರಾಯಿತು.

ಎರಡನೆಯ ಚಳಿಗಾಲದಲ್ಲಿ ವರ್ನೆಲ್ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡಳು. ಒಂದಿಷ್ಟು ದಿನ ಊರಿನವರು ಗಾಜಿನ ಪಾತ್ರೆಗಳಲ್ಲಿ ಊಟ ತಂದುಕೊಟ್ಟರು. ಕ್ರಂಪ್ ಆ ಪಾತ್ರೆಗಳನ್ನೆಲ್ಲ ತೊಳೆದು, ಒರೆಸಿ, ಮನೆಮನೆಗೆ ಹಿಂದಿರುಗಿಸಿ ಬಂದ. ಕೊನೆಯ ಪಾತ್ರೆ ಕೊಟ್ಟ ದಿನ ಊರಿಗೂ ಅವನಿಗೂ ಇದ್ದ ವ್ಯವಹಾರ ತೀರಿತು. ಒಂದು ಪಾತ್ರೆಯನ್ನಾದರೂ ಉಳಿಸಿಕೊಂಡಿದ್ದರೆ ಯಾರಾದರೂ ಕೇಳಿಕೊಂಡು ಬರುತ್ತಿದ್ದರಲ್ಲ ಎಂಬ ವಿವೇಕ ಅವನಿಗೆ ಆಮೇಲೆ ಬಂತು. ವಿವೇಕದ ಗುಣವೇ ಅದು.

ಉಳಿದದ್ದು ಅಡುಗೆಮನೆಯ ರೇಡಿಯೋ. ಮನೆಯಲ್ಲಿ ಅದೊಂದೇ ಬಾಯಿ. ಜುಲೈ ತಿಂಗಳು ಬಂತು, ಆಟಗಳಿಲ್ಲದ ಕಾಲ. ಆಟವಿಲ್ಲದಾಗ ಅಲಬಾಮಾದವರು ಆಡುವುದು ಬರೀ ಮಾತು. ಬೆಳಗಿನ ಕಾರ್ಯಕ್ರಮ ನಡೆಸುವ ಬಡಿ ಲೈಟ್ಸಿ ಎಂಬಾತ ಜನರ ಮುಂದೆ ಒಂದು ಪ್ರಶ್ನೆ ಎಸೆದ: "ನಮ್ಮ ಕೂಟದ ಚರಿತ್ರೆಯಲ್ಲೇ ಎಲ್ಲರಿಗಿಂತ ಪ್ರಸಿದ್ಧ ಆಟಗಾರ ಯಾರು?" ಅಲ್ಲಿಂದ ಶುರುವಾಯಿತು. ಗಿಡುಗದವರು ತಮ್ಮ ಲೆಡ್‌ಬೆಟರನನ್ನು ಎತ್ತಿ ಹಿಡಿದರು. ಹೇಸರಗತ್ತೆಯವರು ತಮ್ಮ ರಾಸ್ಕೋ ಏಮಸನ್‌ನ ತೊಡೆಯ ಸುತ್ತಳತೆಯನ್ನು ವರ್ಣಿಸಿದರು. ಒಬ್ಬ ಹೆಂಗಸು ತನ್ನ ಗಂಡನಿಗಿಂತ ಲೆಡ್‌ಬೆಟರನ ಬಗ್ಗೆ ತನಗೆ ಹೆಚ್ಚು ಗೊತ್ತೆಂದಳು. ಮರುದಿನ ಅವಳ ಗಂಡ ಫೋನು ಮಾಡಿ ಅದು ನಿಜವೆಂದ.

ಕ್ರಂಪ್‌ಗೂ ಒಂದು ಅಭಿಪ್ರಾಯವಿರಬೇಕು ಅನ್ನಿಸಿತು. ಎಲ್ಲರಿಗೂ ಇದೆ, ತನಗೇಕೆ ಇರಬಾರದು? ಎರಡು ದಿನ ಯೋಚಿಸಿ ಒಂದು ವಾಕ್ಯ ತಯಾರು ಮಾಡಿದ: "ಪ್ರಸಿದ್ಧಿ ಬೇರೆ, ಪ್ರತಿಭೆ ಬೇರೆ ಎನ್ನುವುದು ನನ್ನ ನಮ್ರ ಅಭಿಪ್ರಾಯ." ಕನ್ನಡಿಯ ಮುಂದೆ ಹೇಳಿ ನೋಡಿದ. ತೂಕದ ಮಾತು ಎನಿಸಿತು. ಬೆಳಿಗ್ಗೆ ಜೋಳದ ನುಚ್ಚಿನ ಗಂಜಿಯ ಬಟ್ಟಲು ಕೈಯಲ್ಲಿ ಹಿಡಿದು, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ರೇಡಿಯೋಗೆ ಕರೆ ಮಾಡಿದ.

"ಲೈನಲ್ಲಿ ಯಾರಿದೀರಿ? ಪೂರ್ತಿ ಹೆಸರು, ಊರು ಹೇಳಿ" ಎಂದ ಲೈಟ್ಸಿ.

"ಡೆಲ್ಮರ್ ಕ್ರಂಪ್. ಡಾಬ್ಸ್ ಫೆರಿ."

ರೇಡಿಯೋ ಸುಮ್ಮನಾಯಿತು. ಬಡಿ ಲೈಟ್ಸಿ ಮಾತು ನಿಲ್ಲಿಸಿದ್ದನ್ನು ಆ ಜಿಲ್ಲೆಯಲ್ಲಿ ಯಾರೂ ಕೇಳಿರಲಿಲ್ಲ. ಇದ್ದೊಂದು ಬಾಯಿಯೂ ಮುಚ್ಚಿತೆಂದು ಕ್ರಂಪ್ ಗಾಬರಿಯಾದ. ಬಟ್ಟಲು ಜಾರಿ ಒಲೆಗೆ ಬಡಿದು ನೆಲಕ್ಕೆ ಬಿತ್ತು.

"ಸ್ವಾಮೀ," ಎಂದ ಲೈಟ್ಸಿ, ಚರ್ಚಿನಲ್ಲಿ ಮಾತಾಡುವ ದನಿಯಲ್ಲಿ. "ನೀವು... ಬಿಟ್ರಲ್ಲ, ಆ ಕ್ರಂಪೇನಾ?"

ಕ್ರಂಪ್ ನೆಲ ನೋಡಿದ. "ಬಿಟ್ಟೆ. ನಿಮಗೂ ಕೇಳಿಸ್ತಾ?"

"ಇಡೀ ದಕ್ಷಿಣಕ್ಕೇ ಕೇಳಿಸ್ತು ಸ್ವಾಮಿ."

"ಕ್ಷಮಿಸಿ. ಕೈಯೊಳಗೇ ಇತ್ತು. ಹೇಗೆ ಜಾರ್ತೋ ಗೊತ್ತಾಗ್ಲಿಲ್ಲ."

"ಒದ್ದೆಯಾಗಿತ್ತು ಅಂತಾರೆ."

"ಸ್ವಲ್ಪ ಜಿಡ್ಡಿತ್ತು. ಆದ್ರೆ ಅದು ನೆಪ. ತಪ್ಪು ನನ್ನದೇ. ನನ್ನ ಹೆಂಡ್ತಿ ಹೇಳ್ತಿದ್ಲು, ನಿಂದು ಬೆಣ್ಣೆ ಹಚ್ಚಿದ ಕೈ ಅಂತ."

"ಹತ್ರದಲ್ಲಿ ಯಾರೂ ಇರ್ಲಿಲ್ವಲ್ಲ ಸ್ವಾಮಿ. ನೀವೊಬ್ರೇ ಇದ್ರಿ."

"ಯಾರೂ ಇಲ್ಲ," ಎಂದ ಕ್ರಂಪ್. "ನಾನೊಬ್ನೇ. ಯಾವಾಗ್ಲೂ ನಾನೊಬ್ನೇ."

 ಲೈಟ್ಸಿ ತಟ್ಟನೆ ಟ್ರ್ಯಾಕ್ಟರ್ ಜಾಹೀರಾತಿಗೆ ಹೋಗಿಬಿಟ್ಟ. ತಯಾರು ಮಾಡಿದ ವಾಕ್ಯ ಬಾಯಲ್ಲೇ ಉಳಿದ ಕ್ರಂಪ್, ಪೆಚ್ಚಾಗಿ ನೆಲ ಒರೆಸಲು ಕೂತ.

ಒರೆಸಿ ಮುಗಿದಿರಲಿಲ್ಲ, ಬೇಲಿಯ ಆಚೆಯಿಂದ ಯಾರೋ ಕೂಗಿದರು. ಬಲಗಡೆಯ ನೆರೆಮನೆಯ ಲೀಲ್ಯಾಂಡ್ ಸ್ಟ್ರಿಕ್ಲಿನ್. ಶಾಲಾ ಬಸ್ಸು ಓಡಿಸಿ ನಿವೃತ್ತನಾದ ಒಣಕಲು ಮನುಷ್ಯ, ಹುಟ್ಟು ಹೇಸರಗತ್ತೆ. ಕ್ರಂಪ್ ಊರಿಗೆ ಬಂದಾಗಿನಿಂದ ಅವನು ತಲೆಯಲ್ಲಾಡಿಸಿದ್ದುಂಟು, ಮಾತಾಡಿದ್ದಿಲ್ಲ.

"ನಲವತ್ತು ವರ್ಷದಿಂದ ನಿನ್ನ ಹುಡುಕ್ತಿದೀನಿ," ಎಂದ ಲೀಲ್ಯಾಂಡ್. "ಬೇಲಿ ಪಕ್ಕದಲ್ಲೇ ಕಳ್ಳೇಕಾಯಿ ತಿಂತಾ ಕೂತಿದ್ಯಲ್ಲೋ."

"ನನ್ನನ್ನಾ?"

"ಕಡೇ ನಿಮಿಷ. ಗೆಲ್ಲೋ ಗೆರೆ ದಾಟಿ ನಿಂತಿದೀಯ. ಸುತ್ತ ಒಂದು ನರಪಿಳ್ಳೆ ಇಲ್ಲ. ಚೆಂಡು ತೊಟ್ಟಿಲಿಗೆ ಮಗು ಮಲಗಿಸ್ದಂಗೆ ನಿನ್ನ ಕೈಗೆ ಬಂತು. ಹಿಡ್ಕೊಂಡಿದ್ರೆ ಕೂಟದ ಬಿರುದು ನಮ್ದು. ನೀನು ಬಿಟ್ಟೆ. ಬಿಟ್ಟು ಕೈ ನೋಡ್ಕೊಂಡೆ. ಆವತ್ತಿಂದ ನಮ್ಮ ಕತ್ತೆಗಳು ತಲೆ ಎತ್ತಿಲ್ಲ."

ಕ್ರಂಪ್‌ಗೆ ಈಗ ಅರ್ಥವಾಯಿತು. "ನೋಡಿ ಲೀಲ್ಯಾಂಡ್, ಅವನು ನಾನಲ್ಲ. ಹೆಸರು ಮಾತ್ರ—"

"ನಾಚಿಕೆ ಆದವ್ನು ಇನ್ನೇನು ಹೇಳ್ತಾನೆ," ಎಂದು ಲೀಲ್ಯಾಂಡ್ ಬೈಯಲು ಶುರುಮಾಡಿದ. ಕೈ, ಕಣ್ಣು, ವಂಶ, ಇಂಡಿಯಾನಾಕ್ಕೆ ಓಡಿಹೋದ ಹೇಡಿತನ, ಒಂದೊಂದನ್ನೂ ವಿಚಾರಿಸಿಕೊಂಡ. ಊಟದ ಹೊತ್ತಾದ ಮೇಲೆ, "ನಾಳೆ ಬರ್ತೀನಿ" ಎಂದು ಹೋದ.

ಸಂಜೆಯ ಹೊತ್ತಿಗೆ ಎಡಗಡೆಯ ಮನೆಯ ಅಲ್ತೀಯಾ ಪಿಕೆನ್ಸ್ ಬಂದಳು. ಗಟ್ಟಿಮುಟ್ಟಾದ ವಿಧವೆ, ಗಿಡುಗದ ಬಣ್ಣದ ಬಟ್ಟೆಯಲ್ಲದೆ ಬೇರೆ ಉಟ್ಟವಳಲ್ಲ. ಕೈಯಲ್ಲಿ ಬಿಸಿ ಬಿಸಿ ಪೀಚ್ ಹಣ್ಣಿನ ಸಿಹಿ.

"ನೀವು ಬಿಟ್ಟ ಆ ದಿನ ನಮ್ಮ ಯಜಮಾನ್ರು ನನ್ನ ಮದ್ವೆಗೆ ಕೇಳಿದ್ರು," ಎಂದಳು. "ಗಿಡುಗ ಗೆದ್ದ ಖುಷೀಲಿ ಕೇಳ್ಬಿಟ್ರು. ಸೋತಿದ್ರೆ ಅವ್ರಿಗೆ ಧೈರ್ಯ ಬರ್ತಿರ್ಲಿಲ್ಲ. ನಿಮ್ಮಿಂದ ನನ್ನ ಬಾಳು ಆಯ್ತು."

"ಅಮ್ಮಾ, ನಾನು ಲಿಫ್ಟ್ ತಪಾಸಣೆ ಮಾಡ್ತಿದ್ದವನು. ಫುಟ್‌ಬಾಲನ್ನ ಮುಟ್ಟೇ ಇಲ್ಲ."

"ಮುಟ್ಟಿದ್ರಿ," ಎಂದು ಅಲ್ತೀಯಾ ನಕ್ಕಳು. "ಹಿಡ್ಕೊಳ್ಲಿಲ್ಲ, ಅಷ್ಟೇ. ತಿನ್ನಿ."

ಅವನು ತಿಂದ. ಎದುರಿಗೆ ಕೂತು ಇನ್ನೊಬ್ಬರು ನೋಡುತ್ತಿರುವಾಗ ತಿಂದು ಎಷ್ಟು ಕಾಲವಾಗಿತ್ತೋ. ಎರಡನೆಯ ಸಲ ಬಡಿಸಿದಾಗ 'ಅವನು ನಾನಲ್ಲ' ಎಂಬ ಮಾತೆತ್ತಲಿಲ್ಲ. ಮನುಷ್ಯನ ಸತ್ಯಸಂಧತೆ ಎಲ್ಲಿ ಸಡಿಲವಾಗುತ್ತದೆ ಎಂದು ಶಾಸ್ತ್ರಜ್ಞರು ಏನೇನೋ ಬರೆದಿದ್ದಾರೆ; ಕ್ರಂಪ್‌ನ ವಿಷಯದಲ್ಲಿ ಅದು ಪೀಚ್ ಹಣ್ಣಿನ ಎರಡನೆಯ ತಟ್ಟೆಯ ಹತ್ತಿರ.

ಆಮೇಲೆ ಊರು ಎರಡು ಪಾಲಾಯಿತು. ಕ್ಷೌರದಂಗಡಿಯ ಗಿಡುಗದವನು ದುಡ್ಡು ಮುಟ್ಟದೆ ಕೂದಲು ಕತ್ತರಿಸಿದ. ಅಂಚೆ ಕಚೇರಿಯ ಹೇಸರಗತ್ತೆಯ ಹೆಂಗಸು ಅವನ ಕಾಗದಗಳನ್ನು ಕೈಯಿಂದ ಕೊಡದೆ, ಅಳತೆಕಡ್ಡಿಯಿಂದ ಮುಂದಕ್ಕೆ ನೂಕಿ, "ಹಿಡ್ಕೊಳಿ, ನೋಡೋಣ" ಎಂದಳು. ಪೆಟ್ರೋಲು ಹಾಕುವವನು ಅರ್ಧ ಹಾಕಿ ಕೊಳವೆ ಕೈಬಿಟ್ಟು, "ಅಯ್ಯೋ, ಜಾರ್ತು" ಎಂದ. ಭಾನುವಾರ ಪಾದ್ರಿ ಕ್ಷಮೆಯ ಬಗ್ಗೆ ಉಪದೇಶ ಮಾಡಿದರು. ಅವರು ಹೇಸರಗತ್ತೆಯವರಾದ್ದರಿಂದ ಮಧ್ಯದಲ್ಲಿ ಎರಡು ಸಲ ನೀರು ಕುಡಿಯಬೇಕಾಯಿತು.

ಬೈದವರೂ ಹೊಗಳಿದವರೂ ಕೊನೆಗೆ ಕೇಳುತ್ತಿದ್ದುದು ಒಂದೇ: "ಆವತ್ತು ಎಲ್ಲಿ ನೋಡ್ತಿದ್ದೆ?" ಕ್ರಂಪ್ ಮೊದಮೊದಲು ನೆನಪಿಲ್ಲವೆಂದ. ಹಾಗೆಂದರೆ ಜನ ಬೇಗ ಎದ್ದು ಹೋಗುತ್ತಿದ್ದರು. ಒಂದು ದಿನ, "ಮೈದಾನದ ಪಕ್ಕ ವಾದ್ಯದವರ ಕಡೆ. ದೊಡ್ಡ ಕಹಳೆ ಊದೋ ಹುಡುಗಿ ಒಬ್ಳಿದ್ಲು" ಎಂದುಬಿಟ್ಟ. ಆ ದಿನ ಲೀಲ್ಯಾಂಡ್ ಮಧ್ಯಾಹ್ನದ ಊಟವನ್ನೂ ಮರೆತು ಬೇಲಿಯ ಹತ್ತಿರ ನಿಂತ. ಕ್ಷೌರದಂಗಡಿಯಲ್ಲಿ ಕಹಳೆಯ ಹುಡುಗಿ ಯಾರೆಂದು ಜಗಳವಾಯಿತು. ಮೂವರು ಮುದುಕಿಯರು ಅದು ತಾವೇ ಎಂದು ಗುಟ್ಟಾಗಿ ಒಪ್ಪಿಕೊಂಡರು.

ಲೀಲ್ಯಾಂಡ್ ಒಂದು ಬೆಳಿಗ್ಗೆಯೂ ತಪ್ಪಿಸಲಿಲ್ಲ. ಅವನು ಬರುವ ಹೊತ್ತಿಗೆ ಕ್ರಂಪ್ ತಲೆ ಬಾಚಿ, ಅಂಗಿ ಬದಲಿಸಿ, ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದ. ಒಂದು ದಿನ ಮಳೆ ಬಂದು ಲೀಲ್ಯಾಂಡ್ ತಡವಾಗಿ ಬಂದಾಗ, "ಏನಾಯ್ತೋ ಅಂತಿದ್ದೆ" ಎಂದ. ಬೈಯಲು ಬಂದವನು ಒಂದು ಕ್ಷಣ ತಬ್ಬಿಬ್ಬಾದ.

ಅಷ್ಟರಲ್ಲಿ ಹೋಯ್ಟ್ ಗ್ಯಾಂಬ್ರೆಲ್ ಬಂದ. ಊರಿನ ಮೇಯರ್ ಅವನೇ, ಅಗ್ನಿಶಾಮಕ ದಳದ ಮುಖ್ಯಸ್ಥನೂ ಅವನೇ. ಎರಡೂ ಹುದ್ದೆಗೆ ಒಂದೇ ಟೋಪಿ.

"ನಮ್ಮ ನೀರಿನ ಕೊಳವೇಲಿ ನೀರಿಗಿಂತ ತೂತೇ ಜಾಸ್ತಿ ಕ್ರಂಪ್. ಬೆಂಕಿ ಆರ್ಸೋಕೆ ಹೋದ್ರೆ ನಾವೇ ನೆಂದು ಬರ್ತೀವಿ. ಹೊಸ ಕೊಳವೆಗೆ ದುಡ್ಡು ಕೂಡಿಸೋಕೆ ಶನಿವಾರ ಮೀನೂಟ ಇಟ್ಟಿದೀವಿ. ಊಟ ಆದ್ಮೇಲೆ ಚರ್ಚೆ. ಕೂಟದ ಅತಿ ಪ್ರಸಿದ್ಧ ಆಟಗಾರ ಯಾರು ಅಂತ ಅಲ್ಲೇ ಕೈಯೆತ್ತಿಸಿ ತೀರ್ಮಾನ ಮಾಡ್ತೀವಿ. ನೀನು ಮುಖ್ಯ ಅತಿಥಿ."

"ನಾನೇನು ಮಾಡ್ಬೇಕು?"

"ಏನಿಲ್ಲ. ಕೂತ್ಕೋ. ಜನ ನೋಡ್ಲಿ."

ಜನ ತನ್ನನ್ನು ನೋಡಲು ಬರುತ್ತಾರೆ. ಕ್ರಂಪ್ ಒಪ್ಪಿದ.

ಗುರುವಾರ ಮಧ್ಯಾಹ್ನ ಒಂದು ಹಳೆಯ ಲಾರಿಗಾಡಿ ಮನೆಯ ಮುಂದೆ ನಿಂತಿತು. ಇಳಿದವನು ಬಾಗಿಲ ತುಂಬ ಇದ್ದ. ಅರವತ್ತು ದಾಟಿದ ಭಾರಿ ಆಳು, ಟೋಪಿಯನ್ನು ಎದೆಗೆ ಹಿಡಿದುಕೊಂಡಿದ್ದ.

"ಕ್ರಂಪ್ ಅವ್ರ ಮನೆ ಇದೇನಾ?"

"ಇದೇ. ನೀವು ಯಾವ ಕಡೆಯವ್ರು? ಬೈಯೋರು ಮೆಟ್ಲ ಹತ್ರ ನಿಲ್ತಾರೆ, ತಿಂಡಿ ತಂದೋರು ಒಳಗೆ ಬರ್ತಾರೆ."

"ನಾನು ಡೆಲ್ಮರ್ ಕ್ರಂಪ್," ಎಂದ ಬಂದವನು.

"ಇಲ್ಲಪ್ಪ, ಅದು ನಾನು," ಎಂದ ನಮ್ಮ ಕ್ರಂಪ್, ಅಭ್ಯಾಸಬಲದಿಂದ. ಆಮೇಲೆ ಅವನ ಕಣ್ಣು ಆ ಟೋಪಿ ಹಿಡಿದ ಕೈಗಳ ಮೇಲೆ ಬಿತ್ತು. ಮೊರದಂಥ ಕೈಗಳು. ಅಂಥ ಕೈಯಿಂದ ಏನಾದರೂ ಜಾರುವುದುಂಟೆ ಎಂದು ಯಾರಾದರೂ ನಲವತ್ತು ವರ್ಷ ಕೇಳಬಹುದಾದ ಕೈಗಳು. ನಮ್ಮ ಕ್ರಂಪ್ ಪಕ್ಕಕ್ಕೆ ಸರಿದು ಬಾಗಿಲು ಪೂರ್ತಿ ತೆರೆದ. "ಒಳಗೆ ಬನ್ನಿ," ಎಂದ.

ದೊಡ್ಡ ಕ್ರಂಪ್ ಅಡುಗೆಮನೆಯಲ್ಲಿ ಕೂತ. ಗಡಿಯಾಚೆ, ಪಕ್ಕದ ರಾಜ್ಯ ಜಾರ್ಜಿಯಾದಲ್ಲಿ ಹುಲ್ಲು ಕತ್ತರಿಸುವ ಯಂತ್ರ ದುರಸ್ತಿ ಮಾಡುತ್ತಾನಂತೆ. ಅಲ್ಲಿ ಎಲ್ಲರಿಗೂ ಅವನು ಬರೀ 'ಡೀ'. ಪೂರ್ತಿ ಹೆಸರು ಹೇಳಿ ಯಾವ ಕಾಲವಾಯಿತೋ. ಮದುವೆಯಾಗಲಿಲ್ಲ. ಆಗಬೇಕಾದರೆ ಪಾದ್ರಿಯ ಮುಂದೆ ಹೆಸರು ಹೇಳಬೇಕಲ್ಲ.

"ನನ್ನ ಮೇಲೆ ಸಿಟ್ಟಾಗಿ ಬಂದ್ರಾ?" ಎಂದು ನಮ್ಮ ಕ್ರಂಪ್ ಕೇಳಿದ.

"ಇಲ್ಲ. ಗಿರಾಕಿ ಒಬ್ರ ಗಾಡೀಲಿ ರೇಡಿಯೋ ಹಾಕಿತ್ತು. ಕೈಯೊಳಗೇ ಇತ್ತು, ಹೇಗೆ ಜಾರ್ತೋ ಗೊತ್ತಿಲ್ಲ, ತಪ್ಪು ನನ್ನದೇ ಅಂದ್ರಲ್ಲ ನೀವು. ಆ ಮಾತು ನಾನು ಹೇಳ್ಬೇಕಿತ್ತು. ಇಷ್ಟು ವರ್ಷ ಬಾಯಿಗೆ ಬರ್ಲೇ ಇಲ್ಲ. ಅದನ್ನ ಹೇಳಿದೋರ ಮುಖ ನೋಡ್ಬೇಕು ಅನ್ನಿಸ್ತು."

"ನಾನು ಗಂಜಿ ಬಗ್ಗೆ ಹೇಳ್ತಿದ್ದೆ. ಬಟ್ಟಲು ಬಿತ್ತು."

ದೊಡ್ಡ ಕ್ರಂಪ್ ಎದೆಗೆ ಹಿಡಿದಿದ್ದ ಟೋಪಿಯನ್ನು ಮೇಜಿನ ಮೇಲಿಟ್ಟ. "ಗಂಜಿ ಬಗ್ಗೆಯಾದ್ರೂ ಹೇಳಿದ್ರಲ್ಲ."

ನಮ್ಮ ಕ್ರಂಪ್ ಅಲ್ತೀಯಾ ತಂದಿದ್ದ ಪೀಚ್ ಹಣ್ಣಿನ ಸಿಹಿಯನ್ನು ಮುಂದಿಟ್ಟ. "ತಿನ್ನಿ. ನ್ಯಾಯವಾಗಿ ನಿಮಗೆ ಸೇರಿದ್ದು ಇದು. ಇಷ್ಟು ದಿನ ನಾನು ತಿಂದೆ."

ದೊಡ್ಡವನು ತಿನ್ನುತ್ತ ಕೇಳಿದ, "ಎಲ್ಲಿ ನೋಡ್ತಿದ್ದೆ ಅಂತ ಕೇಳಿದ್ರಾ?"

"ಕೇಳಿದ್ರು. ಕಹಳೆ ಊದೋ ಹುಡುಗೀನ ಅಂದೆ. ಕ್ಷಮಿಸಿ."

"ಆವತ್ತು ಮಳೆ. ವಾದ್ಯದೋರು ಮೈದಾನಕ್ಕೆ ಬರ್ಲೇ ಇಲ್ಲ." ಅವನು ಚಮಚ ಕೆಳಗಿಟ್ಟ. "ನಾನು ಎಲ್ಲೂ ನೋಡ್ತಿರ್ಲಿಲ್ಲ. ಚೆಂಡನ್ನೇ ನೋಡ್ತಿದ್ದೆ. ಅದು ಎಸೆದೋನ ಕೈ ಬಿಟ್ಟಲ್ಲಿಂದ ನನ್ನ ಕೈಗೆ ಬರೋವರ್ಗೂ ಕಣ್ಣು ತೆಗೀಲಿಲ್ಲ. ಹಾಗಂದ್ರೆ ಯಾರೂ ಒಪ್ಪಲ್ಲ. ಎಲ್ರಿಗೂ ಒಂದು ಕಾರಣ ಬೇಕು."

ಆ ಹೊತ್ತಿಗೆ ಬೇಲಿಯ ಆಚೆಯಿಂದ ಲೀಲ್ಯಾಂಡ್‌ನ ಕೂಗು ಬಂತು. ಬೆಳಿಗ್ಗೆ ಹೇಳಲು ಮರೆತದ್ದೇನೋ ನೆನಪಾಗಿತ್ತು. ದೊಡ್ಡ ಕ್ರಂಪ್ ಬಿಳಿಚಿಕೊಂಡು ಗೋಡೆಗೆ ಸರಿದು ಕೂತ. ನಮ್ಮ ಕ್ರಂಪ್ ಕಿಟಕಿಗೆ ಹೋಗಿ, "ಹೇಳಿ ಲೀಲ್ಯಾಂಡ್" ಎಂದ. ಆಚೆಯವನು ಬೆಣ್ಣೆ, ಬಾಳೆಹಣ್ಣು, ಸತ್ತ ಮೀನು ಇವುಗಳಿಗೆ ಆ ಕೈಗಳನ್ನು ಹೋಲಿಸಿದ. "ನಿಜ ಲೀಲ್ಯಾಂಡ್," ಎಂದ ನಮ್ಮ ಕ್ರಂಪ್. ಲೀಲ್ಯಾಂಡ್ ಮೂಗು ಒರೆಸಿಕೊಂಡು ಹೊರಟುಹೋದ.

"ಅಷ್ಟೇನಾ?" ಎಂದ ದೊಡ್ಡವನು.

"ಅಷ್ಟೇ. ಈಗ ಹೋಗಿ ನಿದ್ದೆ ಮಾಡ್ತಾನೆ."

"ಇದಕ್ಕಾ ನಾನು ಜಾರ್ಜಿಯಾಗೆ ಹೋದದ್ದು," ಎಂದು ದೊಡ್ಡ ಕ್ರಂಪ್ ತನ್ನ ಅಂಗೈ ನೋಡಿಕೊಂಡ.

ಶನಿವಾರ ನೀವೇ ವೇದಿಕೆ ಹತ್ತಿ ಎಂದು ನಮ್ಮ ಕ್ರಂಪ್ ಕೇಳಿಕೊಂಡ. ದೊಡ್ಡವನು ಒಲ್ಲೆನೆಂದು ತಲೆಯಲ್ಲಾಡಿಸಿದ. "ನನ್ನ ಕಾಲು ಏಳೋದಿಲ್ಲ. ನೀವು ಅಭ್ಯಾಸ ಮಾಡ್ಕೊಂಡಿದೀರಿ, ನೀವೇ ಇರಿ. ನಾನು ಹಿಂದ್ಗಡೆ ಕೂತು ನೋಡ್ತೀನಿ."

ಶನಿವಾರ ಅಗ್ನಿಶಾಮಕ ಠಾಣೆಯ ಬಂಡಿಯನ್ನು ಹೊರಗೆ ನಿಲ್ಲಿಸಿ ಒಳಗೆ ಉದ್ದನೆಯ ಮೇಜುಗಳನ್ನು ಹಾಕಿದ್ದರು. ಕರಿದ ಹೊಳೆ ಮೀನು, ಜೋಳದ ಹಿಟ್ಟಿನ ಉಂಡೆ, ಸಕ್ಕರೆ ಸುರಿದ ತಣ್ಣನೆಯ ಚಹಾ. ಗಿಡುಗದವರು ಎಡಕ್ಕೆ, ಹೇಸರಗತ್ತೆಯವರು ಬಲಕ್ಕೆ. ನಡುವಿನ ದಾರಿಯಲ್ಲಿ ಒಬ್ಬ ಪೊಲೀಸಿನವನು ಮೀನು ತಿನ್ನುತ್ತ ನಿಂತಿದ್ದ. ಚರ್ಚೆಗೆ ಬಡಿ ಲೈಟ್ಸಿಯೇ ಅಧ್ಯಕ್ಷ. ಲೆಡ್‌ಬೆಟರನ ಪರವಾಗಿ ಹಲ್ಲಿನ ಡಾಕ್ಟರು ಮಾತಾಡಿದರು. ಏಮಸನ್‌ನ ಪರವಾಗಿ ಅಂಚೆಯ ಹೆಂಗಸು ಮಾತಾಡಿ, ತೊಡೆಯ ಅಳತೆಯನ್ನು ದಾರ ಹಿಡಿದು ತೋರಿಸಿದಳು. ಆಗ ಅಲ್ತೀಯಾ ಎದ್ದು, "ಲೆಡ್‌ಬೆಟರ್ ಹಿಡಿದ ಚೆಂಡು ಒಂದಾದ್ರೂ ನಿಮ್ಗೆ ನೆನಪಿದ್ಯಾ? ಕ್ರಂಪ್ ಬಿಟ್ಟಿದ್ದು ಎಲ್ರಿಗೂ ನೆನಪಿದೆ. ಪ್ರಸಿದ್ಧ ಅಂದ್ರೆ ಅದು" ಎಂದಳು.  ಎರಡೂ ಕಡೆಯ ಕೈಗಳು ಮೇಲೆದ್ದವು. ಒಂದು ಕಡೆ ಪ್ರೀತಿಯಿಂದ, ಇನ್ನೊಂದು ಕಡೆ ಹಲ್ಲು ಕಚ್ಚಿಕೊಂಡು.

ವೇದಿಕೆಯ ಮೇಲೆ ಕೂತಿದ್ದ ಕ್ರಂಪ್‌ಗೆ ಅಷ್ಟು ಕೈಗಳನ್ನು ಒಟ್ಟಿಗೆ ನೋಡಿ ತಲೆ ತಿರುಗಿತು. ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ, ಒಬ್ಬ ದೊಡ್ಡ ಮನುಷ್ಯ ಮಾತ್ರ ಕೈ ಎತ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಆಗಿತ್ತು. ಮೇಯರ್ ಗ್ಯಾಂಬ್ರೆಲ್ ನಿಲ್ಲಿಸಲಿಲ್ಲ. ಎಲ್ಲಿಂದಲೋ ಒಂದು ಮೊಟ್ಟೆಯಾಕಾರದ ಚೆಂಡು ತಂದು, "ಇನ್ನೊಂದ್ಸಲ ನೋಡೋಣ ಕ್ರಂಪ್, ಎದ್ದು ನಿಂತ್ಕೊ" ಎಂದು ಎಸೆದೇಬಿಟ್ಟ.

ನಮ್ಮ ಕ್ರಂಪ್ ಜನ್ಮದಲ್ಲಿ ಏನನ್ನೂ ಹಿಡಿದವನಲ್ಲ. ಕೀಲಿಕೈ ಎಸೆದರೂ ತಲೆ ತಗ್ಗಿಸುವವನು. ಹೆದರಿ ಕಣ್ಣು ಮುಚ್ಚಿ ಎರಡೂ ಕೈಗಳನ್ನು ಮುಖಕ್ಕೆ ಅಡ್ಡ ತಂದ. ಚೆಂಡು ಬಂದು ಆ ಕೈಗಳ ನಡುವೆ ಕೂತಿತು. ಹೋಗಲಿಲ್ಲ.

ಸಭೆಯಲ್ಲಿ ಮೀನು ಅಗಿಯುವ ಸದ್ದೂ ನಿಂತಿತು.

ಬಲಗಡೆಯಿಂದ ಲೀಲ್ಯಾಂಡ್ ಎದ್ದ. "ಈಗ ಹಿಡೀತೀಯ," ಎಂದ. ಅವನ ದನಿಯಲ್ಲಿ ಬೇಲಿಯ ಹತ್ತಿರದ ಜೋರು ಇರಲಿಲ್ಲ. "ಈಗ. ನಮ್ಮಪ್ಪ ನೋಡಿದ ಕಡೇ ಆಟ ಅದು. ಅಲ್ಲಿಂದ ಮನೇವರ್ಗೂ ಇಬ್ರೂ ಒಂದು ಮಾತಾಡ್ಲಿಲ್ಲ. ಆ ಚಳಿಗಾಲ್ದಲ್ಲೇ ತೀರ್ಕೊಂಡ್ಬಿಟ್ಟ. ಅವ್ನ ಜೊತೆ ಮಾತಾಡೋಕೆ ಇದ್ದದ್ದು ಅದೊಂದೇ ದಾರಿ ನಂಗೆ, ಮೈದಾನದಿಂದ ಮನೇ ತನಕ." ಅವನು ಅಲ್ಲೇ ನಿಂತು ಕರವಸ್ತ್ರಕ್ಕೆ ಜೇಬು ತಡಕಿದ. ಸಿಗಲಿಲ್ಲ.

ಕ್ರಂಪ್ ಚೆಂಡನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಲೀಲ್ಯಾಂಡ್, ನಾನಲ್ಲ ಅವನು. ಇಂಡಿಯಾನಾದಲ್ಲಿ ಲಿಫ್ಟ್ ನೋಡ್ಕೊಂಡಿದ್ದೆ. ರೇಡಿಯೋದಲ್ಲಿ ಕೇಳಿಸಿದ್ದು ಗಂಜಿ ಬಟ್ಟಲು ಬಿದ್ದ ಸದ್ದು. ಮೊದ್ಲು ಹೇಳಿದೆ, ಯಾರೂ ನಂಬ್ಲಿಲ್ಲ. ಆಮೇಲೆ ನಾನೇ ಹೇಳೋದು ಬಿಟ್ಟೆ. ಹೇಳಿದ್ರೆ ನೀವು ಯಾರೂ ಬರ್ತಿರ್ಲಿಲ್ಲ."

ಎಡಗಡೆ ಯಾರೋ ನಕ್ಕರು. "ವಿನಯ ನೋಡಿ ಮನುಷ್ಯನ್ದು," ಎಂದ ಕ್ಷೌರಿಕ. ಚಪ್ಪಾಳೆ ಬಿತ್ತು. ಕ್ರಂಪ್ ಮತ್ತೆ ಮತ್ತೆ ಹೇಳಿದ. ಹೇಳಿದಷ್ಟೂ ಚಪ್ಪಾಳೆ ಹೆಚ್ಚಾಯಿತು. ಸುಳ್ಳು ಹೇಳಲು ಅವನಿಗೆ ಇಷ್ಟು ಶ್ರಮವಾಗಿರಲಿಲ್ಲ.

ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಆ ದೊಡ್ಡ ಮನುಷ್ಯ ಎದ್ದಿದ್ದ. ಮೇಜು ಹಿಡಿದುಕೊಂಡು, ಗಿಡುಗಕ್ಕೂ ಹೇಸರಗತ್ತೆಗೂ ನಡುವಿನ ದಾರಿಯಲ್ಲಿ ನಡೆದು ಬಂದ. ಪೊಲೀಸಿನವನು ಸರಿದು ದಾರಿಬಿಟ್ಟ.

"ಅವ್ರು ಹೇಳೋದು ನಿಜ," ಎಂದ. "ನಾನು ಡೆಲ್ಮರ್ ಕ್ರಂಪ್. ಬಿಟ್ಟವ್ನು ನಾನು." ಎರಡೂ ಅಂಗೈಗಳನ್ನು ಮುಂದೆ ಚಾಚಿ ತೋರಿಸಿದ. "ಎಲ್ಲೂ ನೋಡ್ತಿರ್ಲಿಲ್ಲ. ಚೆಂಡನ್ನೇ ನೋಡ್ತಿದ್ದೆ. ಕೈಯೊಳಗೇ ಇತ್ತು. ಹೇಗೆ ಜಾರ್ತೋ ಗೊತ್ತಾಗ್ಲಿಲ್ಲ. ತಪ್ಪು ನನ್ನದೇ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಆ ಕೈಗಳನ್ನು ನೋಡಿದ ಮೇಲೆ ಅನುಮಾನಕ್ಕೆ ಜಾಗವಿರಲಿಲ್ಲ.

ಲೀಲ್ಯಾಂಡ್ ಅವನ ಎದುರಿಗೆ ಬಂದು ನಿಂತ. ಊರೆಲ್ಲ ಕತ್ತು ಚಾಚಿತು. ಲೀಲ್ಯಾಂಡ್ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಕೊನೆಗೆ ವೇದಿಕೆಯ ಕಡೆ ತಿರುಗಿ, "ನನ್ನ ಹತ್ರ ಇದ್ದದ್ದೆಲ್ಲ ಅವನ ಮೇಲೆ ಖರ್ಚಾಗೋಯ್ತಲ್ಲ," ಎಂದು ದೂರಿದ. ಆಮೇಲೆ ಪಕ್ಕದ ಕುರ್ಚಿ ಎಳೆದು, "ಕೂತ್ಕೊ. ಮೀನು ತಿಂದ್ಯಾ?" ಎಂದ.

"ಇಲ್ಲ," ಎಂದ ದೊಡ್ಡ ಕ್ರಂಪ್.

"ಯಾರಾದ್ರೂ ಇವನಿಗೊಂದು ತಟ್ಟೆ ಕೊಡ್ರಿ. ಗಟ್ಟಿಯಾಗಿ ಹಿಡಿಸಿ ಕೊಡಿ."

ಮೊದಲು ನಕ್ಕವನು ದೊಡ್ಡ ಕ್ರಂಪನೇ. ಅಲ್ಲಿಂದ ಸಭೆ ಒಡೆದುಕೊಂಡು ಅವನ ಸುತ್ತ ಸೇರಿತು. ಅಲ್ತೀಯಾ ತನ್ನ ಮದುವೆಯ ಕಥೆಯನ್ನು ಮೊದಲಿನಿಂದ ಹೇಳತೊಡಗಿದಳು. ಅಂಚೆಯ ಹೆಂಗಸು ಅವನ ಅಂಗೈಗೆ ದಾರ ಹಿಡಿದು ಅಳೆದಳು. ಲೈಟ್ಸಿ ಮಾತಿಲ್ಲದೆ ನಿಂತ, ಜೀವನದಲ್ಲಿ ಎರಡನೆಯ ಸಲ. ವೇದಿಕೆಯ ಮೇಲೆ ಒಬ್ಬ ಮನುಷ್ಯ ಉಳಿದಿದ್ದಾನೆಂಬುದು ಯಾರ ಗಮನಕ್ಕೂ ಬರಲಿಲ್ಲ. ಅವನು ತನ್ನ ತಟ್ಟೆಯನ್ನು ತೊಳೆದಿಟ್ಟು, ಪಕ್ಕದ ಬಾಗಿಲಿನಿಂದ ಇಳಿದು ಮನೆಗೆ ನಡೆದ. ಹಿಂದಿನಿಂದ ನಗು ಕೇಳುತ್ತಿತ್ತು. ತಿರುವು ದಾಟಿದ ಮೇಲೆ ಅದೂ ಕೇಳಲಿಲ್ಲ.

ಮುಂದಿನ ದಿನಗಳಲ್ಲಿ ಅಲ್ತೀಯಾ ಬರಲಿಲ್ಲ. ಕ್ಷೌರದಂಗಡಿಯಲ್ಲಿ ಕೂದಲಿಗೆ ದುಡ್ಡು ತೆಗೆದುಕೊಂಡರು. ಅಂಚೆಯ ಹೆಂಗಸು ಕಾಗದಗಳನ್ನು ಮಾಮೂಲಿನಂತೆ ಕೈಗೇ ಕೊಟ್ಟು, ಮುಖ ನೋಡದೆ, "ಮುಂದಿನವ್ರು" ಎಂದಳು. ಅದು ಅಳತೆಕಡ್ಡಿಗಿಂತ ಹೆಚ್ಚು ನೋಯಿಸಿತು. ರೇಡಿಯೋದಲ್ಲಿ ದೊಡ್ಡ ಕ್ರಂಪ್‌ನ ಜೊತೆ ಇಡೀ ಬೆಳಗಿನ ಸಂದರ್ಶನ ನಡೆಯಿತು. ಮೊದಲು ಅದೇ ಹೆಸರಿನಲ್ಲಿ ಕರೆ ಮಾಡಿದವನ ಬಗ್ಗೆ ಲೈಟ್ಸಿ, "ಯಾರೋ ಒಬ್ರು" ಎಂದ. ನಮ್ಮ ಕ್ರಂಪ್ ರೇಡಿಯೋದ ಸದ್ದು ತಗ್ಗಿಸಿದ. ಪೂರ್ತಿ ಆರಿಸಲು ಮನಸ್ಸು ಬರಲಿಲ್ಲ.

ಬೆಳಿಗ್ಗೆ ಅದೇ ಹೊತ್ತಿಗೆ ತಲೆ ಬಾಚಿಕೊಳ್ಳುವುದನ್ನು ಮಾತ್ರ ಅವನು ಬಿಡಲಿಲ್ಲ. ಬೇಲಿಯ ಆಚೆ ಯಾರೂ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ಗಿಡಗಳಿಗೆ ನೀರು ಹಾಕುವವನಂತೆ ನಿಂತು ಒಳಗೆ ಹೋಗುತ್ತಿದ್ದ.

ಹೀಗೇ ಒಂದು ಬೆಳಿಗ್ಗೆ ನೀರು ಹಾಕುತ್ತಿದ್ದಾಗ ಆಚೆಯಿಂದ ಕೆಮ್ಮು ಕೇಳಿತು.

"ಏ ಲಿಫ್ಟಿನವ್ನೇ."

ಕ್ರಂಪ್‌ನ ಕೈಯಲ್ಲಿದ್ದ ನೀರಿನ ತಂಬಿಗೆ ಓರೆಯಾಗಿ ಅವನ ಕಾಲೇ ನೆಂದಿತು. ಬೇಲಿಯ ಮೇಲೆ ಲೀಲ್ಯಾಂಡ್‌ನ ಒಣಕಲು ಮುಖವಿತ್ತು.

"ನಾನು ಒಂದು ವಾರ ಯೋಚ್ನೆ ಮಾಡ್ದೆ," ಎಂದ ಲೀಲ್ಯಾಂಡ್. "ನಿನ್ನಂಥ ಕಳ್ಳ ಮೂರು ಜಿಲ್ಲೇಲಿ ಇಲ್ಲ. ಇನ್ನೊಬ್ನ ಬೈಗುಳಾನ ಜೇಬಿಗೆ ಹಾಕ್ಕೊಂಡ್ಯಲ್ಲ, ಅದಕ್ಕೆ ಏನಂತಾರೆ? ಹಣ ಕದಿಯೋರನ್ನ ನೋಡಿದೀನಿ, ಕೋಳಿ ಕದಿಯೋರನ್ನ ನೋಡಿದೀನಿ. ನಿಂತ್ಕೊಂಡು 'ನಿಜ ಲೀಲ್ಯಾಂಡ್, ನಿಜ ಲೀಲ್ಯಾಂಡ್' ಅಂತ ಎಷ್ಟು ನಯವಾಗಿ ಕೇಳ್ತಿದ್ಯಲ್ಲೋ. ಲಿಫ್ಟಿನಲ್ಲಿ ಜನಾನ ಹಿಂಗೇ ಮೇಲೆ ಹತ್ತಿಸಿ ಕೈ ಬಿಡ್ತಿದ್ಯಾ?"

ಕ್ರಂಪ್ ತಂಬಿಗೆ ಕೆಳಗಿಟ್ಟು ನೆಟ್ಟಗೆ ನಿಂತ. ಬೇಸಿಗೆಯಿಡೀ ಕೇಳಿದ ಬೈಗುಳಗಳಲ್ಲಿ ಇದರಷ್ಟು ಚೊಕ್ಕದ್ದು ಇನ್ನೊಂದಿರಲಿಲ್ಲ. ಇದರಲ್ಲಿ ಒಂದು ಮಾತೂ ಇನ್ನೊಬ್ಬನಿಗೆ ಸೇರಿದ್ದಲ್ಲ. ಪೂರ್ತಿ ಅವನದೇ, ಅವನ ತಪ್ಪಿಗೆ, ಅವನ ಕಸುಬಿಗೆ, ಅವನ ಮುಖ ನೋಡಿಯೇ ಹೇಳಿದ್ದು.

"ಮುಗೀತಾ?" ಎಂದು ಅವನು ಹೆದರಿ ಹೆದರಿ ಕೇಳಿದ.

"ಮುಗಿಯೋದಾ? ಇನ್ನೂ ಶುರುವೇ ಆಗಿಲ್ಲ. ಆ ಕಹಳೆ ಹುಡುಗಿ ವಿಷ್ಯಕ್ಕೇ ಒಂದು ದಿನ ಬೇಕು. ನಂಗೆ ಕಾಲು ನೋಯುತ್ತೆ, ಒಂದು ಕುರ್ಚಿ ತಗೊಂಡ್ ಬಾ."

ಕ್ರಂಪ್ ಮನೆಯೊಳಗೆ ಓಡಿದ. ಕುರ್ಚಿ ಎತ್ತುವಷ್ಟರಲ್ಲಿ ಎಲ್ಲಿ ಹೊರಟುಹೋಗುತ್ತಾನೋ ಎಂದು ದಿಗಿಲಾಗಿ ಅಡುಗೆಮನೆಯ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ:

"ಬೈತಾ ಇರಿ ಲೀಲ್ಯಾಂಡ್, ಕೇಳಿಸ್ತಿದೆ."